ನಾನು ಬಚ್ಚಲಲ್ಲಿ ಬೀಳಲಿಲ್ಲ

ಹಿತ್ತಲಿನ ಗೋಡೆಗೆ ನಾವು ಈಗಲೂ ಸುಣ್ಣವನ್ನೇ ಹೊಡೆಸುವುದು. ಮುಂಭಾಗಕ್ಕೆ ಡಬ್ಬಿಯ ಬಣ್ಣ ಬಂದು ಎಷ್ಟೋ ವರ್ಷಗಳಾದವು. ಆದರೂ ನವರಾತ್ರಿಗೆ ಹದಿನೈದು ದಿನ ಇದೆ ಅನ್ನುವಾಗ ಹಳೆಯ ತಗಡಿನ ಡ್ರಮ್ಮಿಗೆ ಸುಣ್ಣದ ಕಲ್ಲು ಸುರಿದು ನೀರು ಹಾಕುವುದು ನಮ್ಮ ಮನೆಯಲ್ಲಿ ತಪ್ಪಿಲ್ಲ. ನೀರು ಬಿದ್ದ ಮೇಲೆ ಕಲ್ಲು ಸ್ವಲ್ಪ ಹೊತ್ತು ಏನೂ ಆಗದಂತೆ ಸುಮ್ಮನಿರುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ಟಪ್ಪೆಂದು ಸೀಳುತ್ತದೆ. ಇನ್ನೊಂದು ಸೀಳುತ್ತದೆ. ಬೆಂಕಿಯೇ ಇಲ್ಲದೆ ಇಡೀ ಡ್ರಮ್ಮು ಕೊತಕೊತ ಕುದಿಯತೊಡಗುತ್ತದೆ. ತಗಡು ಮುಟ್ಟಿದರೆ ಕೈ ಸುಡುತ್ತದೆ. ಈ ಸಲ ಆ ಹಬೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದಾಗ ನಾನು ಹುರುಳಿಕಾಯಿ ಮುರಿಯುತ್ತಿದ್ದೆ. ಬಲಗೈಯ ಸೆಟೆದ ನಡುಬೆರಳು ತಾನಾಗಿಯೇ ನೋಯತೊಡಗಿತು. ಮುರಿದ ಕೈಗೆ ಸುತ್ತಿದ ಒದ್ದೆ ಪ್ಲಾಸ್ಟರು ಗಟ್ಟಿಯಾಗುವಾಗಲೂ ಇದೇ ವಾಸನೆ, ಇದೇ ಬಿಸಿ. ಇಪ್ಪತ್ತು ವರ್ಷ ದಾಟಿದೆ. ಮೂಗಿಗೆ ಅದು ಗೊತ್ತಿಲ್ಲ.

ಅದು ಎರಡು ಸಾವಿರದ ಎರಡನೇ ಇಸವಿ. ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ, ಇಂಗ್ಲಿಷನ್ನು ಮಕ್ಕಳ ಹೋಂವರ್ಕಿಗೆ ಮಾತ್ರ ಉಳಿಸಿಕೊಂಡಿದ್ದ ನಮ್ಮಂಥ ಮೈಸೂರಿನ ಹೆಂಗಸರಿಗೆ ಆಗ ಇದ್ದಕ್ಕಿದ್ದಂತೆ ಒಂದು ಕೆಲಸ ಹುಟ್ಟಿಕೊಂಡಿತ್ತು. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಕೂತು ಬರೆಯುವುದಿಲ್ಲ, ಯಂತ್ರದ ಮುಂದೆ ಹೇಳಿಬಿಡುತ್ತಾರೆ. ಆ ದನಿ ಇಲ್ಲಿಗೆ ಬರುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹೊಲಿಗೆ ಯಂತ್ರ ತುಳಿದಂತೆ ಕಾಲಡಿಯ ಪೆಡಲ್ ತುಳಿದು ದನಿಯನ್ನು ನಿಲ್ಲಿಸುತ್ತ, ಓಡಿಸುತ್ತ ನಾವು ಅದನ್ನು ಟೈಪ್ ಮಾಡಬೇಕು. ಆಫೀಸು ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ. ನಮ್ಮ ಮನೆ ಕುಂಬಾರಕೊಪ್ಪಲಿನಲ್ಲಿ. ಬೆಳಗಿನ ಆರರಿಂದ ಎರಡರ ಪಾಳಿ. ನನ್ನ ಜೊತೆ ಶಾಲೆಯಲ್ಲಿ ಓದಿದ ಫಿಲೋಮಿನಾ ಅಲ್ಲಿ ನಮ್ಮ ಬರಹ ತಿದ್ದುವವಳಾಗಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಡಾಕ್ಟರು ‘ಪೀರಿಯಡ್’ ಎಂದಾಗ ಚುಕ್ಕೆ ಇಡುವ ಬದಲು ಆ ಪದವನ್ನೇ ಟೈಪ್ ಮಾಡಿ, ಒಬ್ಬ ಮುದುಕ ರೋಗಿಗೆ ಸಾಲು ಸಾಲಾಗಿ ಮುಟ್ಟು ಬರಿಸಿದ್ದೆ. ಫಿಲೋಮಿನಾ ಅದನ್ನು ಓದಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಿದ್ದಳು.

ಅಲ್ಲಿಯ ಕೆಲಸಕ್ಕೆ ಒಂದೇ ನಿಯಮ. ಡಾಕ್ಟರು ಹೇಳಿದ್ದನ್ನಷ್ಟೇ ಬರೆಯಬೇಕು. ಕೇಳಿಸದಿದ್ದರೆ ಅಷ್ಟು ಜಾಗ ಖಾಲಿ ಬಿಡಬೇಕು. ಖಾಲಿ ಬಿಟ್ಟರೆ ಕ್ಷಮೆಯಿತ್ತು. ಹೇಳದ ಮಾತನ್ನು ತುಂಬಿದರೆ ಇಲ್ಲ.

ನನ್ನ ಪಾಲಿಗೆ ಬಂದದ್ದು ತುರ್ತು ವಾರ್ಡಿನ ದನಿಗಳು. ಕಬ್ಬಿಣದ ಸಲಾಕೆಯಿಂದ ದವಡೆ ಒಡೆಸಿಕೊಂಡವನು, ಹೊಟ್ಟೆಗೆ ಗುಂಡು ಹೊಕ್ಕು ಬೆನ್ನಿನಲ್ಲಿ ನಿಂತವನು, ಮುರಿದ ಬಾಟಲಿಯಿಂದ ಕೆನ್ನೆ ಸೀಳಿಸಿಕೊಂಡವಳು. ಡಾಕ್ಟರುಗಳು ಇದನ್ನೆಲ್ಲ ಹೋಟೆಲಿನ ಮಾಣಿ ತಿಂಡಿಯ ಹೆಸರು ಒಪ್ಪಿಸುವ ದನಿಯಲ್ಲಿ ಹೇಳುತ್ತಿದ್ದರು. ಗಾಯ ಎಷ್ಟು ಉದ್ದ, ಎಷ್ಟು ಆಳ, ಎಷ್ಟು ಹೊಲಿಗೆ. ಎಷ್ಟೋ ಹೆಂಗಸರು ಮೆಟ್ಟಿಲಿಂದ ಬಿದ್ದೆ, ಬಾಗಿಲಿಗೆ ತಾಗಿಸಿಕೊಂಡೆ ಅನ್ನುತ್ತ ಬರುತ್ತಿದ್ದರು. ಅವರ ಕಾಗದದ ಕೊನೆಯಲ್ಲಿ ಡಾಕ್ಟರು ಒಂದು ಸಾಲು ಸೇರಿಸುತ್ತಿದ್ದರು: ಹೇಳಿದ ಕಾರಣಕ್ಕೂ ಕಂಡ ಗಾಯಕ್ಕೂ ಹೊಂದಿಕೆಯಿಲ್ಲ. ಈ ಸಾಲು ಎಷ್ಟು ಸಲ ಬರುತ್ತಿತ್ತೆಂದರೆ, ಎರಡು ಅಕ್ಷರ ಒತ್ತಿದರೆ ಇಡೀ ವಾಕ್ಯ ಬೀಳುವ ಹಾಗೆ ಕಂಪ್ಯೂಟರಿಗೆ ಕಲಿಸಿಟ್ಟಿದ್ದೆ.

ಇಷ್ಟನ್ನೂ ಟೈಪ್ ಮಾಡುತ್ತಿದ್ದ ನನ್ನ ಕೆನ್ನೆಯ ಮೇಲೆ ಕೆಲವು ದಿನ ಪೌಡರು ಉಳಿದ ದಿನಗಳಿಗಿಂತ ಜಾಸ್ತಿಯಿರುತ್ತಿತ್ತು.

ಇವರು, ಅಂದರೆ ನಮ್ಮ ಯಜಮಾನರು, ಕೈ ಎತ್ತುತ್ತಿದ್ದುದು ಹೊಸದಲ್ಲ. ಸಂತೆಪೇಟೆಯಲ್ಲಿ ಇವರದು ಸುಣ್ಣಬಣ್ಣದ ಅಂಗಡಿ. ಹಣೆಯ ತುಂಬ ವಿಭೂತಿ, ಮಠದ ದಾಸೋಹಕ್ಕೆ ವರ್ಷವರ್ಷವೂ ಅಕ್ಕಿ ಮೂಟೆ, ಗಿರಾಕಿಗಳನ್ನು ‘ಬನ್ನಿ ಸ್ವಾಮಿ’ ಎಂದೇ ಕರೆಯುವವರು. ಮನೆಯಲ್ಲಿ ಬಾಗಿಲು ತೆರೆಯುವುದು ತಡವಾದರೆ, ಮುದ್ದೆ ಗಂಟಾದರೆ, ತವರಿನಿಂದ ಫೋನು ಬಂದರೆ ಕೈ ಬೀಳುತ್ತಿತ್ತು. ಒಮ್ಮೆ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದಾಗ ಅಲ್ಲಿದ್ದ ಕ್ಯಾಲೆಂಡರ್ ಓರೆಯಾಯಿತು. ನನ್ನನ್ನು ಬಿಟ್ಟ ಮೇಲೆ ಇವರು ಅದನ್ನು ನೆಟ್ಟಗೆ ಮಾಡಿ, ಸರಿಯಾಯಿತೇ ಎಂದು ಒಂದು ಹೆಜ್ಜೆ ಹಿಂದೆ ಸರಿದು ನೋಡಿದ್ದರು.

ಆ ಜೂನಿನಲ್ಲಿ ಕಂಪನಿ ನಮ್ಮಲ್ಲಿ ಹತ್ತು ಜನರನ್ನು ಒಳಗೆ ಕರೆಯಿತು. ಬೇರೆ ಕಂಪನಿಗಳು ಬಂದು ಕೈ ಪಳಗಿದವರನ್ನು ಎಳೆದುಕೊಳ್ಳುತ್ತಿದ್ದವು. ನಾವು ಹೋಗಬಾರದೆಂದು ತಲೆಗೆ ನಲವತ್ತು ಸಾವಿರ ರಿಟೆನ್ಷನ್ ಬೋನಸ್ಸು. ಷರತ್ತು ಇಷ್ಟೇ: ಒಂದೂವರೆ ವರ್ಷ ಬಿಡಬಾರದು, ಬಿಟ್ಟರೆ ಪೂರ್ತಿ ಹಣ ವಾಪಸು. ನಜರ್‌ಬಾದಿನಲ್ಲಿದ್ದ ನಮ್ಮಣ್ಣ ಜಾಮೀನಿಗೆ ಸಹಿ ಹಾಕಿದ. ಫಿಲೋಮಿನಾ ಮಾತ್ರ, ‘ಕರೆಯೋ ಹಸುಗೆ ಹೊಸ ಹಗ್ಗ ಕಣೇ ಗಿರಿಜಾ’ ಎಂದು ನಕ್ಕಳು. ಹಣ ನನ್ನ ಖಾತೆಗೆ ಬಂದ ಮೂರನೇ ದಿನ ಇವರ ಅಂಗಡಿಗೆ ಹೋಗಿ ದಸರಾ ಸೀಸನ್ನಿನ ಬಣ್ಣದ ಡಬ್ಬಿಗಳಾಯಿತು. ಇವರು ಆ ವಾರ ಮನೆಗೆ ಮೈಸೂರುಪಾಕು ತಂದರು.

ಆದರೆ ಹೆಡ್‌ಫೋನು ಇವರ ತಲೆಯೊಳಗೆ ಹೊಕ್ಕಿತ್ತು. ದಿನಕ್ಕೆ ಎಂಟು ಗಂಟೆ ಹೆಂಡತಿಯ ಕಿವಿಯಲ್ಲಿ ಪರಗಂಡಸರು ಮಾತಾಡುತ್ತಾರೆ ಅನ್ನುವುದು ಇವರಿಗೆ ತಡೆಯಲಾಗಲಿಲ್ಲ. ಏನು ಹೇಳಿದರು ಎಂದು ಊಟಕ್ಕೆ ಕೂತಾಗ ಕೇಳುತ್ತಿದ್ದರು. ರೋಗಿಗಳ ಸಂಗತಿ, ಹೊರಗೆ ಹೇಳುವ ಹಾಗಿಲ್ಲ ಎನ್ನುತ್ತಿದ್ದೆ. ಮುಚ್ಚಿಡುವಂಥದ್ದೇನು ಎಂಬಲ್ಲಿಗೆ ಅದು ಬೆಳೆಯುತ್ತಿತ್ತು.

ನಮ್ಮ ಕೆಲಸದವರಿಗೆಲ್ಲ ಒಂದು ಚಾಳಿ ಅಂಟಿತ್ತು. ಯಾರು ಮಾತಾಡಿದರೂ ಬೆರಳುಗಳು ಅದನ್ನು ಟೈಪ್ ಮಾಡುತ್ತಿದ್ದವು. ಬಸ್ಸಿನ ಸೀಟಿನ ಮೇಲೆ, ಬ್ಯಾಗಿನ ಮೇಲೆ, ಸ್ವಂತ ತೊಡೆಯ ಮೇಲೆ. ನಮಗೇ ಗೊತ್ತಾಗುತ್ತಿರಲಿಲ್ಲ.

ಗೌರಿ ಹಬ್ಬಕ್ಕೆ ಒಂದು ವಾರ ಇತ್ತು. ಮಧ್ಯಾಹ್ನ ಮೂರು ಗಂಟೆ, ಮಳೆ ಹಂಚುಗಳನ್ನು ಒಡೆಯುವ ಹಾಗೆ ಬೀಳುತ್ತಿತ್ತು. ಮಗಳು ಶಿಲ್ಪಾ ಸ್ಕೂಲಿನಲ್ಲಿ, ಅತ್ತೆ ದೇವರಮನೆಯಲ್ಲಿ. ನಾನು ಕಬ್ಬಿಣದ ಬೀರು ತೆರೆದು ಹಬ್ಬದ ಸೀರೆ ತೆಗೆಯುತ್ತಿದ್ದೆ. ಬಲಗೈ ಬೀರುವಿನ ಅಂಚನ್ನು ಹಿಡಿದಿತ್ತು. ಇವರು ಹಿಂದೆ ನಿಂತು ಬೈಯತೊಡಗಿದರು. ಕಂಪನಿ ವ್ಯಾನಿನ ಡ್ರೈವರು, ಅಮೆರಿಕದ ಡಾಕ್ಟರು, ನನ್ನ ಕಾನ್ವೆಂಟು, ಎಲ್ಲವೂ ಅದರಲ್ಲಿತ್ತು. ನಾನು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಇವರ ಮಾತು ನಿಂತಿತು.

“ಏನೇ ಅದು? ನಾನು ಬೈಯೋದನ್ನೂ ಟೈಪ್ ಮಾಡ್ತಿದೀಯಾ?”

ಆಗಲೇ ನಾನೂ ನೋಡಿದ್ದು. ನನ್ನ ಬೆರಳುಗಳು ಬೀರುವಿನ ಅಂಚಿನ ಮೇಲೆ ಆಡುತ್ತಿದ್ದವು. ತೆಗೆದುಕೊಳ್ಳುವಷ್ಟರಲ್ಲಿ ಇವರು ಭುಜ ಕೊಟ್ಟು ಬಾಗಿಲನ್ನು ನೂಕಿದರು. ಅದು ಮುಚ್ಚಲಿಲ್ಲ. ನಡುವೆ ನನ್ನ ಕೈಯಿತ್ತು. ಹಸಿ ಕಡ್ಡಿ ಮುರಿದಂಥ ಸದ್ದು ಬಂತು. ಇವರು ಒಂದು ಹೆಜ್ಜೆ ಹಿಂದೆ ಬಂದು ಎರಡನೇ ಸಲ ನೂಕಿದರು. ಮೊದಲನೆಯದು ಸಿಟ್ಟು ಅನ್ನಬಹುದು. ಎರಡನೆಯದಕ್ಕೆ ನನಗೆ ಇವತ್ತಿಗೂ ಹೆಸರು ಸಿಕ್ಕಿಲ್ಲ. ಬೀರುವಿನ ಕನ್ನಡಿಯಲ್ಲಿ ಇವರ ಮುಖ ಕಾಣುತ್ತಿತ್ತು. ಹಣೆಯ ವಿಭೂತಿ ಒಂದಿಷ್ಟೂ ಕದಡಿರಲಿಲ್ಲ. ದೇವರಮನೆಯಲ್ಲಿ ಗಂಟೆಯ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಇವರೇ. ಡ್ಯೂಟಿಯಲ್ಲಿದ್ದವಳು ಎಳೆಯ ಡಾಕ್ಟರು, ಮೂಗಿಗೆ ಸಣ್ಣ ಹರಳು. ಹೇಗಾಯಿತು ಎಂದು ನನ್ನನ್ನು ಕೇಳಿದಳು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಇವರು ಹೇಳಿದರು. ಅವಳು ಮತ್ತೆ ನನ್ನ ಮುಖ ನೋಡಿದಳು. ನಾನು ಆ ಜಾಗವನ್ನು ಖಾಲಿ ಬಿಟ್ಟೆ. ಅವಳು ಬರೆದದ್ದು ತಲೆಕೆಳಗಾಗಿ ಕಾಣುತ್ತಿತ್ತು, ಆದರೂ ಓದಲು ಕಷ್ಟವಾಗಲಿಲ್ಲ. ಬಚ್ಚಲಲ್ಲಿ ಬಿದ್ದುದಾಗಿ ಹೇಳಿಕೆ. ನಾನು ಮುಂದಿನ ಸಾಲಿಗಾಗಿ ಕಾದೆ. ಅವಳು ಅದನ್ನು ಬರೆಯಲಿಲ್ಲ. ಒದ್ದೆ ಪಟ್ಟಿ ಸುತ್ತಿದರು, ಕೈ ಬಿಸಿಯಾಯಿತು.

ಮನೆಗೆ ಬಂದಾಗ ಶಿಲ್ಪಾ ಬಾಗಿಲಲ್ಲೇ ನಿಂತಿದ್ದಳು, ಹತ್ತು ವರ್ಷದವಳು. ಅತ್ತೆ ಆಗಲೇ ಅವಳಿಗೆ ಬಚ್ಚಲ ಕಥೆ ಹೇಳಿಯಾಗಿತ್ತು. ಅವಳು ಏನೂ ಕೇಳಲಿಲ್ಲ. ಮಾರನೆಯ ದಿನ ಸ್ಕೂಲಿನಿಂದ ಬಂದವಳೇ ಯೂನಿಫಾರ್ಮನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿಕೊಂಡು, ಸೋಡಾಪುಡಿ ಹಾಕಿ, ಬಚ್ಚಲಿನ ಚಪ್ಪಡಿಯನ್ನು ತೆಂಗಿನ ನಾರಿನಿಂದ ಉಜ್ಜಿದಳು. ಅದರ ಮಾರನೆಯ ದಿನವೂ. ಗೆಣ್ಣುಗಳು ಕೆಂಪಾಗಿ ಸಿಪ್ಪೆ ಎದ್ದರೂ ಬಿಡಲಿಲ್ಲ. ನಾನು ಬೇಡವೆಂದರೆ, ಇನ್ನೂ ಪಾಚಿ ಇದೆ ಅನ್ನುತ್ತಿದ್ದಳು.

ಅದೇ ವಾರ ಇವರು ನನ್ನ ಹೆಸರಿನಲ್ಲಿ ರಾಜೀನಾಮೆ ಟೈಪ್ ಮಾಡಿಸಿ ತಂದು, ಎಡಗೈಯಲ್ಲಿ ಸಹಿ ಹಾಕಿಸಿ ಅಂಚೆಗೆ ಹಾಕಿದರು. ಬಾಂಡಿನ ಕಾಗದವನ್ನು ಇವರು ಓದಿರಲೇ ಇಲ್ಲ. ಹತ್ತು ದಿನಕ್ಕೆ ಕಂಪನಿಯ ನೋಟೀಸು ಬಂತು: ತಿಂಗಳೊಳಗೆ ನಲವತ್ತು ಸಾವಿರ ಕಟ್ಟಬೇಕು, ಇಲ್ಲವಾದರೆ ಜಾಮೀನುದಾರರ ಮೇಲೆ ಕ್ರಮ. ಇವರು ಅದನ್ನು ಹರಿದು ನನ್ನ ಮುಖಕ್ಕೆ ಎಸೆದರು. ಆದರೆ ಫಿಲೋಮಿನಾ ಫೋನ್ ಮಾಡಿ ಒಂದು ದಾರಿ ಹೇಳಿದಳು. ಅಪಘಾತದಿಂದ ಕೆಲಸ ಬಿಟ್ಟವರು ಬೋನಸ್ಸು ವಾಪಸು ಕಟ್ಟಬೇಕಾಗಿಲ್ಲ. ಡಾಕ್ಟರ ಸರ್ಟಿಫಿಕೇಟು ಹೇಗೂ ಇದೆ. ಅದರ ಜೊತೆ, ಹೇಗಾಯಿತೆಂದು ನನ್ನ ಕೈಯಾರೆ ಬರೆದ ಒಂದು ಹೇಳಿಕೆ ಸಾಕು.

ಇವರು ಹೊಸ ಪೆನ್ನು ತಂದು ಮುಂದಿಟ್ಟರು. “ಬಚ್ಚಲಲ್ಲಿ ಬಿದ್ದೆ ಅಂತ ಬರಿ. ಒಂದು ಸೈನು, ನಲವತ್ತು ಸಾವಿರ. ನೀನು ಜನ್ಮದಲ್ಲಿ ಇಷ್ಟು ಸುಲಭವಾಗಿ ದುಡಿದಿಲ್ಲ.”

“ನಾನು ಬಚ್ಚಲಲ್ಲಿ ಬೀಳಲಿಲ್ಲ ಕಣ್ರೀ,” ಎಂದೆ.

ಅದನ್ನು ಜೋರಾಗಿ ಹೇಳಲಿಲ್ಲ. ಇವರು ಪ್ಲಾಸ್ಟರಿನ ಕೈಯನ್ನೇ ಹಿಡಿದು ಮೇಜಿಗೆ ಕುಟ್ಟಿದರು. ಭುಜದವರೆಗೂ ಬೆಂಕಿ ಹರಿಯಿತು. ಪ್ಲಾಸ್ಟರಿನ ಅಂಚು ಒಡೆದು ಬಿಳಿಯ ಪುಡಿ ಆ ಖಾಲಿ ಹಾಳೆಯ ಮೇಲೆ ಬಿತ್ತು. ಇವರು ಎದ್ದು ಹೋದ ಮೇಲೆ ಅತ್ತೆ ಪಕ್ಕ ಬಂದು ಕೂತರು. ಅವರಿಗೆ ಮುಂದಿನ ಎರಡು ಹಲ್ಲಿರಲಿಲ್ಲ. ಬಾವಿಕಟ್ಟೆಯಲ್ಲಿ ಬಿದ್ದು ಹೋದದ್ದು ಎಂದು ಮದುವೆಯಾಗಿ ಬಂದಾಗಿನಿಂದ ಕೇಳಿದ್ದೆ.

“ಬರ್ಕೊಟ್ಬುಡು ಕಣಮ್ಮ. ಒಂದು ಮಾತಿಗೆ ಯಾಕಿಂಗೆ ಅಟ? ನಾವೆಲ್ಲ ಬಚ್ಚಲಲ್ಲಿ, ಬಾವಿಕಟ್ಟೇಲಿ ಬಿದ್ದೂ ಬಿದ್ದೂನೇ ಮುದುಕೀರಾದೋರು.”

ಆ ಸಂಜೆ ಶಿಲ್ಪಾ ಮತ್ತೆ ನಾರು ಹಿಡಿದು ಬಚ್ಚಲಿಗೆ ಹೋದಳು. ನಾನು ಹಿಂದೆ ಹೋಗಿ ಬಾಗಿಲು ಹಾಕಿಕೊಂಡು, ಬಚ್ಚಲ ಹೊಸ್ತಿಲ ಮೇಲೆ ಕೂತು, ಏನಾಯಿತೋ ಅದನ್ನು ಹೇಳಿದೆ. ಬೀರು, ಬಾಗಿಲು, ಎರಡು ಸಲ. ಅವಳು ಕೂತಲ್ಲೇ ಕೇಳಿದಳು. ನಾರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಮತ್ತೆ ನಾನ್ಯಾಕಮ್ಮ ಉಜ್ಜಿದೆ?” ಎಂದಳು.

ಅಣ್ಣನನ್ನು ಕೇಳಿದ್ದರೆ ಹಣ ಕೊಡುತ್ತಿದ್ದ. ನನ್ನ ಬಳೆಗಳೂ ಇದ್ದವು. ಆದರೆ ಆ ಬೋನಸ್ಸು ಇದ್ದದ್ದು ಸಂತೆಪೇಟೆಯ ಡಬ್ಬಿಗಳಲ್ಲಿ, ಅಲ್ಲಿಂದಲೇ ಅದು ವಾಪಸು ಬರಬೇಕಿತ್ತು. ನವರಾತ್ರಿಗೆ ಎರಡು ವಾರ, ಊರಿಗೆ ಊರೇ ಸುಣ್ಣಬಣ್ಣಕ್ಕೆ ಅಂಗಡಿಗೆ ಬರುವ ದಿನಗಳು. ಮರುದಿನ ಬೆಳಿಗ್ಗೆ ಮಗಳ ಕೈಲಿ ತಲೆ ಬಾಚಿಸಿಕೊಂಡು, ಅವಳನ್ನು ಸ್ಕೂಲಿಗೆ ಕಳಿಸಿ, ಗಂಜಿ ಹಾಕಿದ ಸೀರೆ ಉಟ್ಟು ನಾನು ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಪ್ಲಾಸ್ಟರಿನ ಕೈಯನ್ನು ಕೌಂಟರಿನ ಮೇಲೆ, ಬಣ್ಣದ ಕ್ಯಾಟಲಾಗಿನ ಪಕ್ಕ ಇಟ್ಟೆ. ಇವರು ಮೊದಲು ನಕ್ಕರು. ಬಿಲ್ಲು ಬರೆಯಲು ಬಂದೆಯಾ ಎಂದರು.

ಆ ದಿನದ ಮೊದಲ ಹಳೆಯ ಗಿರಾಕಿ ಅಶೋಕಪುರಂನ ಒಬ್ಬರು ನಿವೃತ್ತ ಮೇಷ್ಟ್ರು. ವರ್ಷಕ್ಕೆ ಎರಡು ಚೀಲ ಸುಣ್ಣ, ಒಂದು ಪೊಟ್ಟಣ ನೀಲಿ ಒಯ್ಯುವವರು. ಹಣ ಎಣಿಸುತ್ತ, ಏನಮ್ಮ ಕೈಗೆ ಎಂದರು.

“ಇವರು ಬೀರು ಬಾಗಿಲಿಗೆ ಕೊಟ್ಟು ಮುರಿದರು ಮೇಷ್ಟ್ರೇ,” ಎಂದೆ. ಸುಣ್ಣದ ರೇಟು ಹೇಳುವ ದನಿಯಲ್ಲೇ ಹೇಳಿದೆ. ಆ ಅಮೆರಿಕದ ಡಾಕ್ಟರುಗಳಿಂದ ಕಲಿತದ್ದು.

ಮೇಷ್ಟ್ರು ಇವರನ್ನು ನೋಡಿದರು. ಎಣಿಸಿದ ಹಣವನ್ನು ಮತ್ತೆ ಜೇಬಿಗೆ ಇಟ್ಟುಕೊಂಡರು. “ಈ ವರ್ಷ ಬೇರೆ ಕಡೆ ತಗೋತೀನಪ್ಪ,” ಎಂದು ಛತ್ರಿ ಬಿಚ್ಚಿಕೊಂಡು ಇಳಿದು ಹೋದರು. ಆ ದಿನ ಇನ್ನೂ ಏಳು ಜನ ಕೇಳಿದರು. ಏಳು ಜನಕ್ಕೂ ಅದೇ ಉತ್ತರ ಕೊಟ್ಟೆ.

ಆ ರಾತ್ರಿ ಮನೆಗೆ ಬರುವಾಗ ಇವರು ಬಣ್ಣ ಕಲಕುವ ಪಟ್ಟಿಯನ್ನೇ ತಂದಿದ್ದರು. ಮೂರು ಅಡಿಯ ಹೊನ್ನೆ ಮರ. ಬೆನ್ನಿಗೆ, ತೊಡೆಗೆ, ಕೊನೆಗೆ ಕೆನ್ನೆಯ ಮೂಳೆಗೆ. ನಾನು ಕೈಯನ್ನು ಹೊಟ್ಟೆಗೆ ಅವಚಿಕೊಂಡು ಮೂಲೆಯಲ್ಲಿ ಕುಗ್ಗಿದ್ದೆ. ಬಾಯಲ್ಲಿ ಉಪ್ಪುಪ್ಪು ರಕ್ತ. ಪಟ್ಟಿಗೆ ಒಣಗಿ ಅಂಟಿದ್ದ ಹಸಿರು ಬಣ್ಣ ಏಟಿಗೊಂದರಂತೆ ಚಕ್ಕೆ ಎದ್ದು ನನ್ನ ರವಿಕೆಯ ಮೇಲೆ ಉದುರುತ್ತಿತ್ತು. ಆ ಹಸಿರನ್ನು ನಾನು ಬಲ್ಲೆ. ಕಿಟಕಿಗೆ ಹೊಡೆಯುವ ಹಸಿರು, ಆ ವರ್ಷ ತುಂಬ ಹೋಗುತ್ತಿತ್ತು.

ಮರುದಿನ ಮುಖಕ್ಕೆ ಪೌಡರು ಹಾಕಲಿಲ್ಲ. ಅದೇ ಸ್ಟೂಲು, ಅದೇ ಕೌಂಟರು. ಈಗ ಕೇಳಲು ಕೈ, ಕೆನ್ನೆ ಎರಡಿದ್ದವು, ಹೇಳಲೂ ಎರಡಿದ್ದವು.

ಎಲ್ಲರೂ ಮೇಷ್ಟ್ರಂತಿರಲಿಲ್ಲ. ಗಂಡಹೆಂಡಿರ ವಿಷಯ ಬೀದಿಗೆ ತರಬಾರದೆಂದು ಒಬ್ಬರು ನನಗೇ ಬುದ್ಧಿ ಹೇಳಿದರು. ನೀವು ಏನು ತಪ್ಪು ಮಾಡಿದಿರೋ ಎಂದು ಇನ್ನೊಬ್ಬರು ಹಲ್ಲು ಬಿಟ್ಟರು. ಬೆರಳು ಆಡಿಸಿದೆ ಎಂದೆ. ಸುಣ್ಣ ಬೇಡದಿದ್ದರೂ ನೋಡಲೆಂದೇ ಬಂದವರಿದ್ದರು. ನಾಲ್ಕನೇ ದಿನ ಮಠದ ಕಡೆಯವರು ಗೋಡೆಗೆ ಬಣ್ಣ ನೋಡಲು ಬಂದರು. ಅವರು ಇನ್ನೂ ಕೌಂಟರು ತಲುಪಿರಲಿಲ್ಲ; ಇವರು ಅಡ್ಡ ಹೋಗಿ ರಸ್ತೆಯಲ್ಲೇ ಮಾತಾಡಿಸಿ ಕಳಿಸಿದರು. ನಿಂತ ಜಾಗದಲ್ಲೇ ಇವರ ಷರ್ಟು ಬೆನ್ನಿಗೆ ಅಂಟಿತ್ತು.

ಆ ಸಂಜೆ ಇವರು ಪಟ್ಟಿಯನ್ನು ಮತ್ತೆ ಎತ್ತಿದರು. ಎತ್ತಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಎಲ್ಲಿ ಹೊಡೆದರೆ ಕಾಣುವುದಿಲ್ಲ ಎಂದು ಹುಡುಕುತ್ತಿದ್ದಾರೆಂದು ನನಗೆ ಅರ್ಥವಾಯಿತು.

“ಕಾಣೋ ಕಡೆ ಹೊಡೀರಿ, ಕಾಣದ ಕಡೆ ಹೊಡೀರಿ. ಕೇಳಿದೋರಿಗೆ ನಾನು ಹೇಳೋಳೇ,” ಎಂದೆ.

ನವರಾತ್ರಿಗೆಂದು ಅಟ್ಟದಿಂದ ಇಳಿಸಿಟ್ಟಿದ್ದ ಗೊಂಬೆಪೆಟ್ಟಿಗೆಯನ್ನು ಇವರು ಒದ್ದರು. ಒಮ್ಮೆಯಲ್ಲ, ತಗಡು ತಗ್ಗು ಬೀಳುವ ತನಕ. ಒಳಗೆ ಮಣ್ಣಿನ ಗೊಂಬೆಗಳು ಪುಡಿಯಾಗುವ ಸದ್ದು, ಯಾರೋ ಹಲ್ಲು ಕಡಿದ ಹಾಗೆ. ಅತ್ತೆ ಬಂದು ಪೆಟ್ಟಿಗೆಗೂ ಇವರಿಗೂ ನಡುವೆ ನಿಂತರು. ನನಗೂ ಇವರಿಗೂ ನಡುವೆ ಅವರು ಎಂದೂ ನಿಂತವರಲ್ಲ. ಆದರೂ ಅಂದು ಅವರ ಬಾಯಿಂದ ಬಂದದ್ದು ಪೆಟ್ಟಿಗೆಯ ಮಾತಲ್ಲ.

“ಆ ಕಾಸು ಕಟ್ಬುಡ್ಲಾ. ಇವಳು ಬೀಳಾಕಿಲ್ಲ.”

ಎರಡು ದಿನ ಬಿಟ್ಟು ನಲವತ್ತು ಸಾವಿರದ ಡಿ.ಡಿ. ಅಡುಗೆಕಟ್ಟೆಯ ಮೇಲಿತ್ತು. ಆಯುಧಪೂಜೆಗೆ ಪೇಟೆಯವರೆಲ್ಲ ಬರುತ್ತಾರೆ, ಅಂಗಡಿ ಕಡೆ ಬರಬೇಡ ಎಂದು ಇವರು ಗೋಡೆಯನ್ನು ನೋಡುತ್ತ ಹೇಳಿದರು. ನಾನು ಸಿಟಿ ಬಸ್ಸು ಹತ್ತಿ ಹೆಬ್ಬಾಳಕ್ಕೆ ಹೋದೆ.

ಎಚ್.ಆರ್. ಕೋಣೆಯಲ್ಲಿ ಡಿ.ಡಿ. ತೆಗೆದುಕೊಂಡು ಒಂದು ಫಾರಂ ಕೊಟ್ಟರು. ಅದರಲ್ಲಿ ಕೆಲಸ ಬಿಟ್ಟ ಕಾರಣ ಎಂದು ಎರಡು ಗೆರೆ ಜಾಗವಿತ್ತು. ನಾನು ಎಡಗೈಯಲ್ಲಿ, ಒಂದನೇ ಕ್ಲಾಸಿನ ಮಗುವಿನ ಅಕ್ಷರದಲ್ಲಿ, ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಬರೆದೆ: ನನ್ನ ಗಂಡ ನನ್ನ ಬಲಗೈ ಮುರಿದರು. ಆ ಕೋಣೆಯ ಹುಡುಗಿ ಓದಿ ಕೆಂಪಾದಳು. ಸ್ವಂತ ಕಾರಣ ಎಂದು ಹಾಕಬಹುದಲ್ಲ ಮೇಡಂ ಎಂದಳು. ಫಿಲೋಮಿನಾ ನನ್ನ ಪಕ್ಕ ನಿಂತಿದ್ದಳು. ಫಾರಂ ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ನಮ್ಮ ಪುಟಗಳನ್ನು ತಿದ್ದುವಾಗಿನ ಹಾಗೆ ಬೆರಳಿಟ್ಟು ಓದಿದಳು.

“ತಿದ್ದೋದು ಏನೂ ಇಲ್ಲ,” ಎಂದು ವಾಪಸು ಕೊಟ್ಟಳು.

ಆ ವರ್ಷ ನಮ್ಮ ಮನೆಯಲ್ಲಿ ಕೂತದ್ದು ಮರದ ಪಟ್ಟದ ಗೊಂಬೆಗಳೆರಡೇ. ಪ್ಲಾಸ್ಟರು ಬಿಚ್ಚಿದಾಗ ಕೈ ತೆಳ್ಳಗೆ, ತೊಳೆದ ಬೇರಿನಂತಿತ್ತು. ನಡುಬೆರಳು ಮಡಿಸಲು ಬರಲಿಲ್ಲ. ಆ ವೇಗ ಮತ್ತೆ ಬರಲಿಲ್ಲ, ಆ ಕೆಲಸವೂ. ನಾನು ತವರಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಶಿಲ್ಪಾ ದೊಡ್ಡವಳಾದ ಮೇಲೆ ಕೇಳಿದ್ದಾಳೆ. ಆ ಜಾಗ ಇನ್ನೂ ಖಾಲಿಯೇ ಇದೆ. ಇವರು ಆಮೇಲೆ ನನ್ನ ಮೇಲೆ ಕೈ ಎತ್ತಲಿಲ್ಲ. ಒಳ್ಳೆಯವರಾದರು ಎಂದು ಮಾತ್ರ ನಾನು ಹೇಳುವುದಿಲ್ಲ.

ಈ ಸಲ ಸುಣ್ಣ ಹೊಡೆಯಲು ಬಂದವನು ಹೊಸಬ. ಹಿತ್ತಲಿಗೆ ಕಾಫಿ ತೆಗೆದುಕೊಂಡು ಹೋದೆ. ಲೋಟ ಹಿಡಿದ ಕೈಯಲ್ಲಿ ಆ ಒಂದು ಬೆರಳು ಹೊರಗೇ ಚಾಚಿತ್ತು. ಅವನು ಲೋಟ ತೆಗೆದುಕೊಳ್ಳುತ್ತ, “ಬೆರಳಿಗೇನಾಯ್ತಮ್ಮಾ?” ಎಂದ. ಇವರು ಹಿತ್ತಲ ಜಗಲಿಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಎಪ್ಪತ್ತು ದಾಟಿದೆ, ಕೈ ನಡುಗುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಪೇಪರು ಮಡಿಸಿದ ಸದ್ದು ಕೇಳಿಸಿತು.

“ಬೀರು ಬಾಗಿಲು. ನಾನೇ ಹಾಕಿದ್ದು.”

ಆಳು ತಲೆ ತಗ್ಗಿಸಿ ಕಾಫಿ ಕುಡಿದ. ಡ್ರಮ್ಮಿನಲ್ಲಿ ಸುಣ್ಣ ಇನ್ನೂ ಸೀಳುತ್ತಿತ್ತು. ನಾನು ಇವರ ಕಡೆ ತಿರುಗಲಿಲ್ಲ. ನಡುಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳು ಸೆರಗಿನ ಮರೆಯಲ್ಲಿ ಆ ಮಾತನ್ನು ಟೈಪ್ ಮಾಡುತ್ತಿದ್ದವು.

“ಎರಡು ಸಲ,” ಎಂದೆ.